ನೈಜೀರಿಯಾದ ಅಭಿನೇತ್ರಿ-ನಿರ್ಮಾಪಕಿಯೊಬ್ಬರ ಜೀವನಚಿತ್ರ ಬರೆಯುವ ಬಗೆ: ಜೆನೆವೀವ್ ನ್ನಾಜಿಯವರನ್ನು ಮುಂದಿಟ್ಟುಕೊಂಡು

ಚಿತ್ರನಟಿಯೊಬ್ಬರ ಬದುಕನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಹುಟ್ಟಿದ ದಿನದಿಂದ ತೊಡಗಿ, ಚಿತ್ರಗಳ ಪಟ್ಟಿಯನ್ನು ಹಾದು, ಪ್ರಶಸ್ತಿಗಳಲ್ಲಿ ಲೇಖನ ಮುಗಿಸುತ್ತಾರೆ. ನೈಜೀರಿಯಾದ ಚಿತ್ರರಂಗದ ಮಟ್ಟಿಗೆ ಈ ಕ್ರಮದಿಂದ ಓದುಗನಿಗೆ ಹೆಚ್ಚೇನೂ ದಕ್ಕುವುದಿಲ್ಲ. ಅಲ್ಲಿ ನಟಿಯೊಬ್ಬರು ಯಾವ ಪಾತ್ರ ಮಾಡಿದರು ಎಂಬುದಕ್ಕಿಂತ, ಆ ಚಿತ್ರಕ್ಕೆ ಹಣ ಹಾಕಿದವರು ಯಾರು, ಅದನ್ನು ಮಾರಿದವರು ಯಾರು, ಲಾಭ ಯಾರ ಕೈ ಸೇರಿತು ಎಂಬ ಪ್ರಶ್ನೆಗಳೇ ಆಕೆಯ ವೃತ್ತಿಜೀವನದ ದಿಕ್ಕನ್ನು ನಿರ್ಧರಿಸಿವೆ. ನಟಿ ನಿರ್ಮಾಪಕಿಯಾದದ್ದು ಏಕೆ ಎಂಬುದೇ ಬರವಣಿಗೆಯ ಬೆನ್ನೆಲುಬು ಎಂದು ಮೊದಲೇ ನಿಶ್ಚಯಿಸಿಕೊಂಡರೆ, ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಇಲ್ಲಿ ಉದಾಹರಣೆಗೆ ಜೆನೆವೀವ್ ನ್ನಾಜಿಯವರನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಅವರ ವೃತ್ತಿಜೀವನವನ್ನು ಹಿಂಬಾಲಿಸಿದರೆ ಆ ಚಿತ್ರರಂಗದ ಮೂರು ಘಟ್ಟಗಳೂ (ಕ್ಯಾಸೆಟ್ಟು-ವಿಸಿಡಿ, ಚಿತ್ರಮಂದಿರ, ಅಂತರಜಾಲ) ಒಂದರ ಹಿಂದೊಂದರಂತೆ ಕಾಣಿಸುತ್ತವೆ.

ವ್ಯಕ್ತಿಯ ಬಗ್ಗೆ ಓದುವುದಕ್ಕೆ ಮೊದಲು ಮಾರುಕಟ್ಟೆಯ ಬಗ್ಗೆ ಓದಿಕೊಳ್ಳಿ. 1992ರಲ್ಲಿ ಕೆನೆತ್ ನ್ನೆಬುಯೆ ನಿರ್ಮಿಸಿದ, ಕ್ರಿಸ್ ಒಬಿ ರಾಪು ನಿರ್ದೇಶಿಸಿದ 'ಲಿವಿಂಗ್ ಇನ್ ಬಾಂಡೇಜ್' ಎಂಬ, ಆಗ್ನೇಯ ನೈಜೀರಿಯಾದ ಇಗ್ಬೋ ಜನರ ಭಾಷೆಯ ಚಿತ್ರವು ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಮಾರಾಟವಾಯಿತು. ಅದು ಗೆದ್ದ ರೀತಿಯನ್ನು ನೋಡಿ, ಲಾಗೋಸಿನ ಇದುಮೋಟಾ ಮತ್ತು ಅಲಾಬಾ, ಪೂರ್ವಭಾಗದ ಓನಿತ್ಶಾ ಮತ್ತು ಆಬಾ ಪೇಟೆಗಳ ವ್ಯಾಪಾರಿಗಳು ತಾವೇ ಬಂಡವಾಳ ಹೂಡಿ, ಕೆಲವೇ ದಿನಗಳಲ್ಲಿ ಚಿತ್ರೀಕರಣ ಮುಗಿಸಿ, ಕ್ಯಾಸೆಟ್ಟುಗಳನ್ನೂ ಮುಂದೆ ವಿಸಿಡಿಗಳನ್ನೂ ಅಂಗಡಿಗಳ ಮೂಲಕ ಮಾರುವ ಪದ್ಧತಿಯನ್ನು ಬೆಳೆಸಿದರು. ಇವರನ್ನು ಅಲ್ಲಿ 'ಮಾರ್ಕೆಟರ್‌ಗಳು' ಎಂದೇ ಕರೆಯುತ್ತಾರೆ. ಹಣ ಹಾಕುವವರು, ಹಂಚುವವರು, ಯಾವ ನಟಿಯ ಮುಖ ಮಾರಾಟವಾಗುತ್ತದೆ ಎಂದು ತೀರ್ಮಾನಿಸುವವರು ಎಲ್ಲರೂ ಅವರೇ. ಯುನೆಸ್ಕೋ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 2006ರ ಒಂದೇ ವರ್ಷದಲ್ಲಿ ನೈಜೀರಿಯಾ 872 ವಿಡಿಯೋ ಚಿತ್ರಗಳನ್ನು ತಯಾರಿಸಿತ್ತು. ಸಂಖ್ಯೆಯಲ್ಲಿ ಭಾರತದ ನಂತರದ ಸ್ಥಾನ ಅದಕ್ಕೆ ಸಿಕ್ಕಿತು. ಈ ಹಿನ್ನೆಲೆಯನ್ನು ಲೇಖನದ ಮೊದಲಲ್ಲೇ ಎರಡು ಪ್ಯಾರಾಗಳಲ್ಲಿ ಹೇಳದಿದ್ದರೆ, ಮುಂದೆ ಬರುವ ಯಾವ ಘಟನೆಗೂ ಅರ್ಥ ಹುಟ್ಟುವುದಿಲ್ಲ.

ಬಾಲ್ಯವನ್ನು ಚಿಕ್ಕದಾಗಿ ಮುಗಿಸಬಹುದು. ಜೆನೆವೀವ್ 1979ರ ಮೇ 3ರಂದು ಇಮೊ ರಾಜ್ಯದ ಎಂಬಾಯಿಸೆಯಲ್ಲಿ ಇಗ್ಬೋ ಕುಟುಂಬವೊಂದರಲ್ಲಿ ಹುಟ್ಟಿದರು, ಎಂಟು ಮಕ್ಕಳಲ್ಲಿ ನಾಲ್ಕನೆಯವರಾಗಿ ಲಾಗೋಸಿನಲ್ಲಿ ಬೆಳೆದರು. ತಂದೆ ಎಂಜಿನಿಯರ್, ತಾಯಿ ಶಿಕ್ಷಕಿ. ಎಂಟನೆಯ ವಯಸ್ಸಿನಲ್ಲಿ 'ರಿಪಲ್ಸ್' ಎಂಬ ದೂರದರ್ಶನ ಧಾರಾವಾಹಿಯಲ್ಲಿ ಬಾಲನಟಿಯಾದರು, ಮುಂದೆ ಲಾಗೋಸ್ ವಿಶ್ವವಿದ್ಯಾಲಯದಲ್ಲಿ ಓದಿದರು, 1998ರಲ್ಲಿ 'ಮೋಸ್ಟ್ ವಾಂಟೆಡ್' ಚಿತ್ರದ ಮೂಲಕ ಚಿತ್ರರಂಗಕ್ಕೆ ಬಂದರು. ಇಷ್ಟರಲ್ಲಿ ಗಮನಿಸಿ ಒತ್ತಿ ಹೇಳಬೇಕಾದ ಸಂಗತಿ ಒಂದೇ: ವಿಡಿಯೋ ಚಿತ್ರಗಳ ಯುಗಕ್ಕಿಂತ ಮೊದಲೇ ಅವರು ಕ್ಯಾಮೆರಾ ಮುಂದೆ ನಿಂತಿದ್ದರು, ಆ ಯುಗ ಆರಂಭವಾಗಿ ಆರು ವರ್ಷಗಳ ನಂತರ ಹತ್ತೊಂಬತ್ತರ ಹರೆಯದಲ್ಲಿ ಅದರೊಳಗೆ ಕಾಲಿಟ್ಟರು. ಬಾಲ್ಯದ ಬಡತನ, ಕನಸು, ಹಟ ಎಂದೆಲ್ಲ ಕಲ್ಪಿಸಿ ತುಂಬಿಸುವ ಆಸೆಯನ್ನು ದೂರವಿಡಿ. ಆಧಾರವಿಲ್ಲದ ಭಾವುಕತೆ ಬರೆಯಲ್ಪಡುತ್ತಿರುವ ವ್ಯಕ್ತಿಗೆ ಮಾಡುವ ಅನ್ಯಾಯ.

ಚಿತ್ರಗಳ ಪಟ್ಟಿಯೇ ಹೆಚ್ಚಿನ ಎಚ್ಚರಿಕೆ ಬೇಡುವ ಭಾಗ. ವಿಡಿಯೋ ಯುಗದಲ್ಲಿ ಒಂದೇ ಕಥೆಯನ್ನು ಒಂದನೆಯ ಭಾಗ, ಎರಡನೆಯ ಭಾಗ ಎಂದು ಕತ್ತರಿಸಿ ಬೇರೆ ಬೇರೆಯಾಗಿ ಮಾರುವುದು ವಾಡಿಕೆಯಾಗಿತ್ತು. ಒಂದು ಭಾಗ ಕೊಂಡವನು ಕಥೆ ತಿಳಿಯಲು ಇನ್ನೊಂದನ್ನೂ ಕೊಳ್ಳಲೇಬೇಕಿತ್ತು. ಹೀಗಾಗಿ ಪಟ್ಟಿಗಳಲ್ಲಿ ಕಾಣುವ ಸಂಖ್ಯೆ ನಿಜವಾದ ಸಂಖ್ಯೆಗಿಂತ ದೊಡ್ಡದಾಗಿರುತ್ತದೆ. 'ನೂರಾರು ಚಿತ್ರಗಳಲ್ಲಿ ನಟಿಸಿದ್ದಾರೆ' ಎಂಬ ವಾಕ್ಯ ಕಂಡರೆ, ಭಾಗಗಳನ್ನು ಸೇರಿಸಿ ಎಣಿಸಿದ್ದಾರೆಯೇ ಎಂದು ಮೊದಲು ನೋಡಿ. ಅದು ಖಚಿತವಾಗದಿದ್ದರೆ ಸಂಖ್ಯೆಯನ್ನು ಬಿಟ್ಟುಬಿಡಿ. ಅದರ ಬದಲು, ವೃತ್ತಿಜೀವನದ ತಿರುವುಗಳನ್ನು ತೋರಿಸುವ ನಾಲ್ಕೈದು ಚಿತ್ರಗಳನ್ನು ಆರಿಸಿ, ಪ್ರತಿಯೊಂದರ ನಿರ್ದೇಶಕರು, ಬಿಡುಗಡೆಯ ವರ್ಷ, ಬಿಡುಗಡೆಯಾದ ಮಾಧ್ಯಮ ಇವಿಷ್ಟನ್ನು ಸರಿಯಾಗಿ ಕೊಡಿ. ಕ್ಯಾಸೆಟ್ಟು, ವಿಸಿಡಿ, ಚಿತ್ರಮಂದಿರ, ಅಂತರಜಾಲ ಎಂಬ ಮಾಧ್ಯಮದ ಬದಲಾವಣೆಯಲ್ಲೇ ನಿಮ್ಮ ಕಥೆಯ ಅರ್ಧ ಭಾಗ ಅಡಗಿದೆ.

ಈಗ ಬರುವುದು ಲೇಖನದ ಮುಖ್ಯ ತಿರುವು. ಇದಕ್ಕೆ ಜಾಗವನ್ನು ಧಾರಾಳವಾಗಿ ಕೊಡಿ. 2004ರ ಸುಮಾರಿಗೆ ಮಾರ್ಕೆಟರ್‌ಗಳ ಸಂಘಟನೆಯು ಜೆನೆವೀವ್ ಸೇರಿದಂತೆ ಹಲವು ಜನಪ್ರಿಯ ನಟನಟಿಯರು ವಿಪರೀತ ಸಂಭಾವನೆ ಕೇಳುತ್ತಿದ್ದಾರೆಂದು ಆರೋಪಿಸಿ, ಅವರನ್ನು ಚಿತ್ರಗಳಿಗೆ ತೆಗೆದುಕೊಳ್ಳಬಾರದೆಂದು ನಿಷೇಧ ಹೇರಿತು. ಓಮೊಟೋಲಾ ಜಲಾಡೆ ಎಕೆಯಿಂಡೆ, ರಾಮ್ಸೆ ನೋವಾ, ರಿಚರ್ಡ್ ಮೋಫೆ ಡಮಿಜೊ ಮುಂತಾದವರೂ ಆ ಪಟ್ಟಿಯಲ್ಲಿದ್ದರು. ಇದನ್ನು ಬರೆಯುವಾಗ ನಟಿಯ ಪಕ್ಷ ವಹಿಸಿ ವ್ಯಾಪಾರಿಗಳನ್ನು ಖಳರನ್ನಾಗಿ ಚಿತ್ರಿಸುವುದು ಸುಲಭ, ಆದರೆ ಅದು ಪೂರ್ಣ ಚಿತ್ರವಲ್ಲ. ಕಳ್ಳ ಪ್ರತಿಗಳ ಹಾವಳಿಯಿಂದ ಅವರ ಲಾಭವೂ ತೆಳುವಾಗಿತ್ತು, ಬ್ಯಾಂಕುಗಳ ಸಾಲ ಸುಲಭವಾಗಿ ಸಿಗುತ್ತಿರಲಿಲ್ಲ. ಆದರೂ ನನ್ನ ದೃಷ್ಟಿಯಲ್ಲಿ ಆ ನಿಷೇಧದ ತಿರುಳು ಬೇರೆಯೇ ಇದೆ: ಮುಖಪುಟದ ಮೇಲೆ ಯಾರ ಮುಖವಿದ್ದರೆ ಡಿಸ್ಕು ಮಾರಾಟವಾಗುತ್ತದೋ ಅವರಿಗೆ ಆ ಮಾರಾಟದಲ್ಲಿ ಪಾಲಿರಲಿಲ್ಲ, ಕೆಲಸದ ಬಾಗಿಲು ಮುಚ್ಚುವ ಅಧಿಕಾರ ಮಾತ್ರ ಎದುರು ಪಕ್ಷದ ಕೈಯಲ್ಲಿತ್ತು. ಈ ಅಂಶವನ್ನು ಓದುಗನಿಗೆ ಮುಟ್ಟಿಸಿದರೆ, ಹತ್ತು ವರ್ಷಗಳ ನಂತರ ಆಕೆ ನಿರ್ಮಾಪಕಿಯಾದದ್ದು ಆಕಸ್ಮಿಕವಾಗಿ ಕಾಣುವುದಿಲ್ಲ. ಆದರೆ 'ನಿಷೇಧದಿಂದಲೇ ನಿರ್ಮಾಪಕಿಯಾದರು' ಎಂದು ಕಾರಣ-ಪರಿಣಾಮದ ಗಂಟು ಹಾಕಬೇಡಿ. ಆಕೆಯೇ ಹಾಗೆ ಹೇಳಿದ್ದಕ್ಕೆ ಆಧಾರ ಸಿಗುವವರೆಗೂ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಸುಮ್ಮನಿರುವುದೇ ಪ್ರಾಮಾಣಿಕತೆ.

ಅದೇ ವರ್ಷಗಳಲ್ಲಿ ನಡೆದ ಇತರ ಕೆಲಸಗಳನ್ನು ಕೊನೆಯಲ್ಲಿ 'ಇತರ ಸಾಧನೆಗಳು' ಎಂದು ಗುಡ್ಡೆ ಹಾಕದೆ, ಕಾಲಕ್ಕೆ ತಕ್ಕಂತೆ ಇಲ್ಲಿಯೇ ಜೋಡಿಸಿ. 2004ರಲ್ಲಿ ಘಾನಾದ ಧ್ವನಿಮುದ್ರಣ ಸಂಸ್ಥೆಯೊಂದರ ಮೂಲಕ ಬಂದ ಅವರ ಹಾಡಿನ ಆಲ್ಬಂ, ಲಕ್ಸ್ ಸೋಪಿನ ಜಾಹೀರಾತು, 2008ರಲ್ಲಿ ಆರಂಭಿಸಿದ 'ಸೇಂಟ್ ಜೆನೆವೀವ್' ಉಡುಪಿನ ಬ್ರ್ಯಾಂಡ್ ಇವೆಲ್ಲವೂ, ಚಿತ್ರದ ಸಂಭಾವನೆಯೊಂದನ್ನೇ ನೆಚ್ಚಿಕೊಳ್ಳದೆ ಬದುಕುವ ದಾರಿಗಳಾಗಿ ಆಗ ಕಾಣಿಸುತ್ತವೆ. 2005ರಲ್ಲಿ ಮೊದಲ ಬಾರಿಗೆ ನಡೆದ ಆಫ್ರಿಕಾ ಮೂವಿ ಅಕಾಡೆಮಿ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಸಿಕ್ಕಿದ್ದನ್ನೂ ಇಲ್ಲಿಯೇ ಇಡಬೇಕು, ಏಕೆಂದರೆ ವ್ಯಾಪಾರಿಗಳು ಬೇಡವೆಂದ ಹೊತ್ತಿನಲ್ಲೇ ಈ ಮನ್ನಣೆ ಬಂದಿತ್ತು. 2011ರಲ್ಲಿ ನೈಜೀರಿಯಾ ಸರ್ಕಾರ ಕೊಟ್ಟ ರಾಷ್ಟ್ರೀಯ ಗೌರವಕ್ಕೆ ಒಂದು ವಾಕ್ಯ ಸಾಕು.

ಎರಡನೆಯ ಘಟ್ಟವೆಂದರೆ ಚಿತ್ರಮಂದಿರಗಳು ಮರಳಿ ಬಂದದ್ದು. ಲಾಗೋಸಿನ ವಿಕ್ಟೋರಿಯಾ ಐಲ್ಯಾಂಡಿನಲ್ಲಿ 2004ರಲ್ಲಿ ಸಿಲ್ವರ್‌ಬರ್ಡ್ ಮಲ್ಟಿಪ್ಲೆಕ್ಸ್ ತೆರೆದ ಮೇಲೆ, ಹೆಚ್ಚು ಹಣ ಮತ್ತು ಹೆಚ್ಚು ಸಮಯ ಹಾಕಿ ದೊಡ್ಡ ಪರದೆಗೆಂದೇ ಚಿತ್ರ ಮಾಡುವ ಸಾಧ್ಯತೆ ಮೆಲ್ಲನೆ ಹುಟ್ಟಿತು. 2010ರ 'ಇಜೆ: ದಿ ಜರ್ನಿ' ಚಿತ್ರವನ್ನು ಚಿನೆಜೆ ಆನ್ಯಾನೆ ಎಂಬ ಯುವ ನಿರ್ದೇಶಕಿ ಮಾಡಿದರು, ಅದರಲ್ಲಿ ಜೆನೆವೀವ್ ಮತ್ತು ಓಮೊಟೋಲಾ ಅಕ್ಕತಂಗಿಯರಾಗಿದ್ದಾರೆ. ಮುಂದೆ 2013ರಲ್ಲಿ ಬಿಯಿ ಬಂಡೆಲೆ ನಿರ್ದೇಶಿಸಿದ 'ಹಾಫ್ ಆಫ್ ಎ ಯೆಲ್ಲೋ ಸನ್' ಚಿತ್ರದಲ್ಲಿ ಅವರದು ಚಿಕ್ಕ ಪಾತ್ರ. ಈ ಎರಡೂ ಚಿತ್ರಗಳಿಗೆ ಪೇಟೆಯ ಅಂಗಡಿಗಳು ಅನಿವಾರ್ಯವಾಗಿರಲಿಲ್ಲ ಎಂಬುದನ್ನು ಸೂಚಿಸಿ ಮುಂದುವರಿಯಿರಿ.

'ನಿರ್ಮಾಪಕಿ' ಎಂಬ ಮಾತನ್ನು ಬರೆಯುವ ಮುನ್ನ ಆ ಕೆಲಸದ ವಿವರ ತಿಳಿದುಕೊಳ್ಳಿ. ಹೆಸರು ಮಾತ್ರ ಕೊಟ್ಟವರಿಗೂ, ಕಥೆ ಆರಿಸಿ, ಹಣ ಹೊಂದಿಸಿ, ತಂಡ ಕಟ್ಟಿ, ಮಾರಾಟದ ಮಾತುಕತೆಗೆ ಕೂತವರಿಗೂ ತುಂಬಾ ವ್ಯತ್ಯಾಸವಿದೆ. ಚಿತ್ರದ ಶೀರ್ಷಿಕೆಗಳಲ್ಲಿ ನಿರ್ಮಾಣ ಸಂಸ್ಥೆ ಯಾವುದು, ಚಿತ್ರಕಥೆಯಲ್ಲಿ ಯಾರ ಹೆಸರಿದೆ, ಹಂಚಿಕೆಯ ಹಕ್ಕು ಯಾರದು ಎಂದು ಕೂತು ನೋಡಿ, ಬರೆದಿಟ್ಟುಕೊಳ್ಳಿ. ಜೆನೆವೀವ್ ತಮ್ಮ ಸ್ವಂತ ಸಂಸ್ಥೆಯ ಮೂಲಕ 2015ರಲ್ಲಿ 'ರೋಡ್ ಟು ಯೆಸ್ಟರ್‌ಡೇ' ಚಿತ್ರವನ್ನು ತಯಾರಿಸಿದರು. ನಿರ್ದೇಶನ ಇಶಾಯ ಬಾಕೊ ಅವರದು. ಮೂರು ವರ್ಷಗಳ ನಂತರ ಬಂದ 'ಲಯನ್‌ಹಾರ್ಟ್' ಚಿತ್ರದಲ್ಲಿ ಅವರೇ ನಿರ್ದೇಶಕಿ, ಚಿತ್ರಕಥೆಯಲ್ಲಿ ಪಾಲುದಾರೆ, ಮುಖ್ಯ ಪಾತ್ರಧಾರಿಣಿ. 2018ರ ಸೆಪ್ಟೆಂಬರಿನಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಅದರ ಮೊದಲ ಪ್ರದರ್ಶನವಾದಾಗ ನೆಟ್‌ಫ್ಲಿಕ್ಸ್ ಹಕ್ಕುಗಳನ್ನು ಕೊಂಡಿತು; ನೈಜೀರಿಯಾದಿಂದ ಅದು ಹಾಗೆ ಕೊಂಡ ಮೊದಲ 'ಒರಿಜಿನಲ್' (ತನ್ನದೇ ಹೆಸರಿನಲ್ಲಿ ತೋರಿಸುವ) ಚಿತ್ರ ಇದು. 2019ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಜಗತ್ತಿನೆಲ್ಲೆಡೆ ಏಕಕಾಲಕ್ಕೆ ಬಿಡುಗಡೆಯಾಯಿತು. ಇದೇ ಮೂರನೆಯ ಘಟ್ಟ.

ಆ ಚಿತ್ರವನ್ನು ನೀವು ನೋಡಲೇಬೇಕು, ನೋಡದೆ ಬರೆಯಬಾರದು. ಎನುಗು ನಗರದಲ್ಲಿ ಬಸ್ಸು ಸಾರಿಗೆ ಕಂಪನಿಯೊಂದನ್ನು ಕಟ್ಟಿದ ತಂದೆ ಹೃದಯದ ತೊಂದರೆಯಿಂದ ಹಿಂದೆ ಸರಿಯಬೇಕಾದಾಗ, ಅರ್ಹಳಾದ ಮಗಳು ಅದಾಯೆಜೆಯ ಜೊತೆಗೆ ಚಿಕ್ಕಪ್ಪನನ್ನೂ ಕೂರಿಸುತ್ತಾನೆ. ಕಂಪನಿಯ ತಲೆಯ ಮೇಲೆ ಸಾಲದ ಹೊರೆ ಇದೆ. ಪೀಟ್ ಎಡೋಚಿ, ನ್ಕೆಮ್ ಓವೊ, ಒನ್ಯೆಕಾ ಒನ್ವೆನು ಅವರಂಥ ಹಿರಿಯರು ಅದರಲ್ಲಿದ್ದಾರೆ. ಗಮನಿಸಿ, ನ್ಕೆಮ್ ಓವೊ ಕೂಡ ಆ ಹಿಂದಿನ ನಿಷೇಧಕ್ಕೆ ಒಳಗಾಗಿದ್ದವರೇ. ಒಬ್ಬ ಹೆಂಗಸು ದುಡಿಮೆಯ ಸಂಸ್ಥೆಯ ಆಡಳಿತ ಹಿಡಿಯಬಲ್ಲಳೇ ಎಂಬ ಪ್ರಶ್ನೆಯನ್ನು ಚಿತ್ರ ಅಬ್ಬರವಿಲ್ಲದೆ, ಮನೆಯವರ ಪ್ರೀತಿಯನ್ನು ಬಿಟ್ಟುಕೊಡದೆ ಎತ್ತುತ್ತದೆ. ಆ ಸಂಯಮವೇ ನನಗೆ ಆಕೆಯ ನಿರ್ದೇಶನದಲ್ಲಿ ತುಂಬ ಹಿಡಿಸಿದ ಗುಣ.

ಆಸ್ಕರ್ ವಿವಾದವನ್ನು ಬರೆಯುವಾಗ ನಿಯಮವನ್ನು ಮೊದಲು ವಿವರಿಸಿ, ಪ್ರತಿಕ್ರಿಯೆಗಳನ್ನು ಆಮೇಲೆ ಕೊಡಿ. ನೈಜೀರಿಯಾ ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಮೊಟ್ಟಮೊದಲು ಕಳಿಸಿದ ಚಿತ್ರ 'ಲಯನ್‌ಹಾರ್ಟ್'. 'ವಿದೇಶಿ ಭಾಷಾ ಚಿತ್ರ' ಎಂದಿದ್ದ ಆ ವಿಭಾಗದ ಹೆಸರು ಅದೇ ವರ್ಷ, 2019ರಲ್ಲಿ, ಬದಲಾಗಿತ್ತು, ಆದರೆ ಸಂಭಾಷಣೆಯ ಹೆಚ್ಚಿನ ಪಾಲು ಇಂಗ್ಲಿಷೇತರ ಭಾಷೆಯಲ್ಲಿರಬೇಕೆಂಬ ನಿಯಮ ಹಾಗೆಯೇ ಉಳಿದಿತ್ತು. ಚಿತ್ರದಲ್ಲಿ ಇಗ್ಬೋ ಸಂಭಾಷಣೆ ಸುಮಾರು 11 ನಿಮಿಷ ಮಾತ್ರ ಇದ್ದುದರಿಂದ 2019ರ ನವೆಂಬರಿನಲ್ಲಿ ಅದನ್ನು ಅನರ್ಹಗೊಳಿಸಲಾಯಿತು. ಐನೂರಕ್ಕೂ ಹೆಚ್ಚು ಭಾಷೆಗಳಿರುವ ದೇಶದಲ್ಲಿ ಜನರನ್ನು ಬೆಸೆಯುವ ಭಾಷೆ ಇಂಗ್ಲಿಷೇ ಎಂಬುದು ಜೆನೆವೀವ್ ಅವರ ಉತ್ತರದ ಸಾರವಾಗಿತ್ತು. ನಿಯಮ ಸ್ಪಷ್ಟವಿತ್ತು ಎಂಬುದೂ ನಿಜ, ವಸಾಹತು ಆಳ್ವಿಕೆ ಹೇರಿದ ಭಾಷೆಯ ಕಾರಣಕ್ಕೆ ಹೊರಗಿಟ್ಟದ್ದು ಆ ದೇಶದವರನ್ನು ನೋಯಿಸಿತು ಎಂಬುದೂ ನಿಜ, ಎರಡನ್ನೂ ಹೇಳಿ.

ಹಾಲಿವುಡ್ ನಟಿಯೊಬ್ಬರಿಗೆ ಹೋಲಿಸುವ 'ಆಫ್ರಿಕಾದ ಜೂಲಿಯಾ ರಾಬರ್ಟ್ಸ್' ಎಂಬ ಬಿರುದು ನಿಮ್ಮ ಕಣ್ಣಿಗೆ ಪದೇ ಪದೇ ಬೀಳುತ್ತದೆ. ಅದನ್ನು ಶೀರ್ಷಿಕೆಗೆ ಏರಿಸಬೇಡಿ. ಹೋಲಿಕೆ ಬೇಕೇ ಬೇಕೆನಿಸಿದರೆ ಅದೇ ನೆಲದ ಸಮಕಾಲೀನರ ಜೊತೆ ಇಟ್ಟು ನೋಡಿ. ನಟಿ-ನಿರ್ಮಾಪಕಿ ಫುಂಕೆ ಅಕಿಂಡೆಲೆ ಯೊರುಬಾ (ನೈಜೀರಿಯಾದ ಇನ್ನೊಂದು ದೊಡ್ಡ ಭಾಷೆ) ಹಾಸ್ಯದ ದಾರಿಯಿಂದ ಬಂದು, 2023ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ 'ಎ ಟ್ರೈಬ್ ಕಾಲ್ಡ್ ಜೂಡಾ' ಚಿತ್ರದಿಂದ ದೇಶದ ಚಿತ್ರಮಂದಿರಗಳಲ್ಲೇ 100 ಕೋಟಿ ನೈರಾ (ನೈಜೀರಿಯಾದ ನಾಣ್ಯ) ದಾಟಿದ ಮೊದಲ ನಿರ್ಮಾಪಕಿಯಾದರು. ಒಬ್ಬರು ಅಂತರಜಾಲ ವೇದಿಕೆಗೆ ಹಕ್ಕು ಮಾರಿದರು, ಇನ್ನೊಬ್ಬರು ಟಿಕೆಟ್ ಕಿಟಕಿಯನ್ನೇ ನಂಬಿದರು. ಇಂಥ ಮೊತ್ತಗಳನ್ನು ನೈರಾದಲ್ಲೇ, ವರ್ಷದೊಂದಿಗೆ ಕೊಡಿ. 2023ರ ಜೂನ್ ನಂತರ ಡಾಲರಿನೆದುರು ನೈರಾದ ಬೆಲೆ ತೀವ್ರವಾಗಿ ಕುಸಿದಿರುವುದರಿಂದ, ಬೇರೆ ಹಣಕ್ಕೆ ಪರಿವರ್ತಿಸಿದ ಅಂಕಿಗಳು ದಾರಿ ತಪ್ಪಿಸುತ್ತವೆ.

ಖಾಸಗಿ ಬದುಕಿನ ಬಗ್ಗೆ ಗಾಳಿಸುದ್ದಿ ಹೇರಳವಾಗಿ ಸಿಗುತ್ತದೆ. ಮದುವೆ, ಆರೋಗ್ಯ, ಮಕ್ಕಳು ಇವುಗಳ ಬಗ್ಗೆ ಆಕೆ ತಾವಾಗಿ ಹೇಳದ ಯಾವುದನ್ನೂ ಬರೆಯಬೇಡಿ. ಸಂದರ್ಶನಗಳಿಗೆ ಹೆಚ್ಚಾಗಿ ಸಿಗದ ವ್ಯಕ್ತಿಯ ಮೌನಕ್ಕೆ ನಾವು ಕಾರಣ ಹುಡುಕಿ ಹೊರಿಸುವಂತಿಲ್ಲ. ಬದುಕಿರುವವರ ಜೀವನಚಿತ್ರವಾದ್ದರಿಂದ, ಕೊನೆಯ ಪ್ಯಾರಾದಲ್ಲಿ 'ಈಗ', 'ಇತ್ತೀಚೆಗೆ' ಎಂಬ ಮಾತುಗಳ ಬದಲು ತಿಂಗಳು ಮತ್ತು ವರ್ಷವನ್ನು ಬರೆಯಿರಿ, ನಿಮಗೆ ಖಚಿತವಾಗಿ ಗೊತ್ತಿರುವ ಕೊನೆಯ ಕೆಲಸದ ವಿವರದೊಂದಿಗೆ ನಿಲ್ಲಿಸಿ. ಹೊಸ ಚಿತ್ರ ಬಂದ ದಿನ ಅಲ್ಲಿಗೇ ಒಂದು ವಾಕ್ಯ ಸೇರಿಸಲು ಜಾಗವಿರಲಿ.