ಲಿಕ್ಕರ್ ಅಂಗಡಿಯಲ್ಲಿ ವೈನ್ ರುಚಿ ತೋರಿಸೋದು: ಕ್ಯಾಲಿಫೋರ್ನಿಯಾದಲ್ಲಿ ಅಂಗಡಿ ಹಿಡಿದವರಿಗೆ

ಫ್ರೀಮಾಂಟಿನಲ್ಲಿ ನಮ್ಮದೊಂದು ಲಿಕ್ಕರ್ ಅಂಗಡಿ. ಹೊಸದಾಗಿ ಅಂಗಡಿ ಹಿಡಿದ ನಮ್ಮ ಕಡೆಯ ಹುಡುಗರು ಫೋನ್ ಮಾಡಿದರೆ ಒಂದು ಪ್ರಶ್ನೆ ಖಾಯಂ: "ಶನಿವಾರ ಸಂಜೆ ಎರಡು ಬಾಟ್ಲಿ ತೆಗೆದು ಗಿರಾಕಿಗಳಿಗೆ ರುಚಿ ತೋರಿಸಿದ್ರೆ ತಪ್ಪೇನಣ್ಣ?"

ತಪ್ಪೇ. ಬಿಯರ್, ವೈನ್ ಮಾರೋ ಟೈಪ್ 20 ಆಗಲಿ, ಎಲ್ಲಾ ಮದ್ಯ ಮಾರೋ ಟೈಪ್ 21 ಆಗಲಿ, ಮನೆಗೆ ಒಯ್ಯೋ ಬಾಟ್ಲಿಗಷ್ಟೇ ಲೈಸೆನ್ಸು. ಒಳಗೆ ಒಂದು ಗುಟುಕು ಕುಡಿಸೋದಕ್ಕೂ ಟೈಪ್ 86 ಅಂತ ಇನ್ನೊಂದು ಬೇಕು. 2011ರಿಂದ ಈ ವ್ಯವಸ್ಥೆ ಇದೆ. ಅರ್ಜಿ ಹಾಕೋದು ರಾಜ್ಯದ ಮದ್ಯ ನಿಯಂತ್ರಣ ಇಲಾಖೆಗೆ. ಎಲ್ಲರೂ ಎಬಿಸಿ ಅಂತಾರೆ. ಪೆಟ್ರೋಲ್ ಮಾರೋ ಜಾಗಕ್ಕೆ ಕೊಡೋದಿಲ್ಲ. ಅಂಗಡಿ ಚಿಕ್ಕದಿದ್ದರೆ ಸಿಗುತ್ತೋ ಇಲ್ಲವೋ ಅಂತ ದುಡ್ಡು ಕಟ್ಟೋ ಮುಂಚೆಯೇ ಹೋಗಿ ವಿಚಾರಿಸಿ.

ಲೈಸೆನ್ಸು ಬಂತು ಅಂತ ನೀವೇ ಸುರಿಯೋಕೆ ನಿಲ್ಲಬೇಡಿ. ಕಾರ್ಯಕ್ರಮ ವೈನ್ ತಯಾರಿಸೋ ವೈನರಿಯವರದು, ಜಾಗ ಮಾತ್ರ ನಿಮ್ಮದು. ಅವರು ಅಥವಾ ಅವರು ಕಳಿಸಿದ ಪ್ರತಿನಿಧಿ ಬಂದು ವೈನಿನ ಬಗ್ಗೆ ಹೇಳಿಕೊಡುತ್ತಾ ಸುರಿಯಬೇಕು. ಇದೆಂಥಾ ಮಡಿ ಅಂತ ನನಗೂ ಮೊದಮೊದಲು ಅನ್ನಿಸಿತ್ತು. 1933ರಲ್ಲಿ ಪಾನನಿಷೇಧ ಮುಗಿದ ಮೇಲೆ, ಮದ್ಯ ತಯಾರಿಸೋರು ಅಂಗಡಿಯವರನ್ನು ಕೈಯಲ್ಲಿಟ್ಟುಕೊಳ್ಳಬಾರದು ಅಂತ ಇಲ್ಲಿ ಕಾನೂನು ಮಾಡಿದರು. ಆದ್ದರಿಂದಲೇ ಅವರು ತಂದು ಉಳಿದ ಬಾಟ್ಲಿಯನ್ನು "ಇರಲಿ ಇಟ್ಕೊಳ್ಳಿ" ಅಂದರೂ ಇಟ್ಟುಕೊಳ್ಳೋ ಹಾಗಿಲ್ಲ. ವಾಪಸ್ ಕಳಿಸಿ.

ಅಳತೆಯಲ್ಲೇ ಎಡವಟ್ಟಾಗೋದು. ವೈನ್ ಒಂದು ಸಲಕ್ಕೆ 1 ಔನ್ಸು, ಅಂದರೆ ಸುಮಾರು 30 ಮಿ.ಲೀ. ಒಬ್ಬರಿಗೆ ದಿನಕ್ಕೆ ಮೂರೇ ಸಲ. ವಿಸ್ಕಿಯಂಥದ್ದಾದರೆ ಒಂದು ಸಲಕ್ಕೆ ಕಾಲು ಔನ್ಸು. 750 ಮಿ.ಲೀ. ವೈನ್ ಬಾಟ್ಲಿಯಲ್ಲಿ 25 ಸಲ ಸುರಿಯೋಕೆ ಆಗಬೇಕು. ಹದಿನೈದಕ್ಕೇ ಖಾಲಿಯಾದರೆ ಸುರಿಯೋರ ಕೈ ದೊಡ್ಡದು ಅಂತ ಲೆಕ್ಕ. ನಾನು ಪ್ಲಾಸ್ಟಿಕ್ ಕಪ್ಪಿಗೆ ನೀರು ಅಳೆದು ಹಾಕಿ, ನೀರು ನಿಂತ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು ಮಾದರಿ ಇಟ್ಟುಬಿಡ್ತೀನಿ. ಬಂದ ಪ್ರತಿನಿಧಿಗೆ ಮಾತು ಹೇಳೋದಕ್ಕಿಂತ ಅದು ವಾಸಿ. ಮೂರು ಸಲದ ಲೆಕ್ಕಕ್ಕೆ ಕೈಮೇಲೆ ರಬ್ಬರ್ ಸ್ಟ್ಯಾಂಪು.

ರುಚಿ ತೋರಿಸೋ ಜಾಗಕ್ಕೆ ಗೋಡೆಯೇ ಬೇಕಂತಿಲ್ಲ. ಹಗ್ಗ, ಸರಪಳಿ ಏನಾದರೂ ಸರಿ, ಉಳಿದ ಅಂಗಡಿಯಿಂದ ಬೇರೆ ಆಗಿರಬೇಕು. 21 ತುಂಬದವರಿಗೆ ಪ್ರವೇಶವಿಲ್ಲ ಅನ್ನೋ ಬೋರ್ಡು ಎದ್ದು ಕಾಣಬೇಕು. ನಮ್ಮವರ ಜತೆ ಜಗಳ ಬರೋದು ಇಲ್ಲೇ. ಕಂಕುಳಲ್ಲಿ ಮಗು ಎತ್ತಿಕೊಂಡು ಬಂದು, "ಇದೇನು ಕುಡಿಯುತ್ತಾ?" ಅಂತಾರೆ. ಕುಡಿಯಲಿ ಬಿಡಲಿ, ಹಗ್ಗದ ಒಳಗೆ ಮಗು ಬರೋ ಹಾಗಿಲ್ಲ. ಗಂಡ ಹೆಂಡತಿ ಒಬ್ಬರಾದ ಮೇಲೆ ಒಬ್ಬರು ಬನ್ನಿ ಅನ್ನಿ, ನಗುತ್ತಲೇ ಅನ್ನಿ. ಕಪ್ಪು ಹಿಡಿದುಕೊಂಡು ಚಿಪ್ಸ್ ನೋಡೋಕೆ ಆಚೆ ಹೊರಡೋರನ್ನೂ ತಡೆಯಬೇಕು. ನೀವು ಸುರಿಯೋದಿಲ್ಲ, ನಿಜ, ಆದರೆ ಕಾವಲು ನಿಮ್ಮದೇ.

ಸಮಯ ಬೆಳಿಗ್ಗೆ 10ರಿಂದ ರಾತ್ರಿ 9ರೊಳಗೆ. ನಾನಂತೂ ಏಳಕ್ಕೇ ಮುಗಿಸ್ತೀನಿ. ಆಮೇಲೆ ಬರೋ ಗಿರಾಕಿ ರುಚಿಗೆ ಬರೋದಿಲ್ಲ. ಒಂದು ಕಾರ್ಯಕ್ರಮಕ್ಕೆ ಒಂದೇ ಜಾತಿಯ ಮದ್ಯ: ವೈನ್ ಅಂದರೆ ವೈನ್, ಪಕ್ಕದಲ್ಲಿ ವಿಸ್ಕಿ ಮೇಜು ಬೇಡ.

ಪ್ರಚಾರದ್ದೂ ಒಂದಿದೆ. ವೈನರಿಯವರು ತಮ್ಮ ಜಾಹೀರಾತಿನಲ್ಲಿ ನಿಮ್ಮ ಅಂಗಡಿಯ ಹೆಸರು, ವಿಳಾಸ, ದಿನ, ಹೊತ್ತು ಹಾಕಬಹುದು, ಅದೂ ಎದ್ದುಕಾಣದ ಹಾಗೆ. ಬಾಟ್ಲಿಯ ಬೆಲೆ ಹಾಕೋ ಹಾಗಿಲ್ಲ, ಜಾಹೀರಾತಿನ ಖರ್ಚಿನಲ್ಲಿ ನೀವು ಪಾಲು ಕೊಡೋ ಹಾಗೂ ಇಲ್ಲ. ಹಂಚೋ ಮುಂಚೆ ಒಂದು ಪ್ರತಿ ತರಿಸಿಕೊಂಡು ಓದಿ ನೋಡಿ.