ಮುಪ್ಪಿನ ನಾಯಿಗೆ ಮನೆಯೇ ಹೊಂದಿಕೊಳ್ಳಬೇಕು

ಬೆಳಗಿನ ಜಾವ ಹೆಬ್ಬಾಗಿಲ ಅಗುಳಿ ತೆಗೆಯುವಾಗ ನಮ್ಮ ರಾಣಿ ಈಗಲೂ ನನಗಿಂತ ಮೊದಲೇ ಹೊಸ್ತಿಲ ಬಳಿ ಬಂದು ನಿಂತಿರುತ್ತಾಳೆ. ಆದರೆ ಮೊದಲಿನಂತೆ ಒಂದೇ ನೆಗೆತಕ್ಕೆ ಅಂಗಳ ಸೇರುವುದಿಲ್ಲ. ಬಲ ಮುಂಗಾಲನ್ನು ಎತ್ತಿ, ಕೆಳಗಿನ ಮೆಟ್ಟಿಲನ್ನು ನೋಡಿ, ಕಾಲನ್ನು ಮತ್ತೆ ಹಿಂದಕ್ಕೆ ಇಟ್ಟುಕೊಂಡು, ಎರಡನೆಯ ಸಲಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಇಳಿಯುತ್ತಾಳೆ. ಅವಳಿಗೆ ಈಗ 13 ವರ್ಷ. ತೀರ್ಥಹಳ್ಳಿ ಕಡೆಯ ಈ ತೋಟದ ಮನೆಯಲ್ಲಿ ನಲವತ್ತು ವರ್ಷಗಳಿಂದ ನಾಯಿಗಳ ಜೊತೆ ಬಾಳುತ್ತಿದ್ದರೂ, ಆ ಮುಂಗಾಲಿನ ಹಿಂಜರಿಕೆಯ ಅರ್ಥ ತಿಳಿಯಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು. ಮನೆಯಲ್ಲಿ ವಯಸ್ಸಾದ ನಾಯಿ ಇರುವವರಿಗೆ ಅಷ್ಟು ತಡವಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನೋವಾದರೆ ನಾಯಿ ಕೂಗಿ ತಿಳಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮುಪ್ಪಿನ ಕೀಲುನೋವಿಗೆ ನಾಯಿ ಸಾಮಾನ್ಯವಾಗಿ ಕೂಗುವುದೇ ಇಲ್ಲ. ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಬಿಡುತ್ತಾ ಬರುತ್ತದೆ. ಜಗಲಿಯ ಕಟ್ಟೆ ಹತ್ತುವುದನ್ನು ಬಿಡುತ್ತದೆ, ಅಂಚೆಯವನ ಹಿಂದೆ ಗೇಟಿನ ತನಕ ಹೋಗುವುದನ್ನು ಬಿಡುತ್ತದೆ, ಮಲಗುವ ಮುನ್ನ ಮೂರು ನಾಲ್ಕು ಸುತ್ತು ಹಾಕಿ ನಿಧಾನವಾಗಿ ಕೂರುತ್ತದೆ, ಸೊಂಟ ಮುಟ್ಟಿದರೆ ತಿರುಗಿ ನೋಡುತ್ತದೆ. ‘ವಯಸ್ಸಾಯಿತಲ್ಲ, ಸೋಮಾರಿಯಾಗಿದೆ’ ಎಂದು ನಾವು ಸುಮ್ಮನಾಗುತ್ತೇವೆ. ದೊಡ್ಡ ಜಾತಿಯ ನಾಯಿಗಳಿಗೆ ಆರೇಳು ವರ್ಷಕ್ಕೇ ಮುಪ್ಪು ಶುರುವಾಗುತ್ತದೆ, ಊರುನಾಯಿಗಳಿಗೂ ಸಣ್ಣ ಜಾತಿಯವಕ್ಕೂ ಒಂಬತ್ತು ಹತ್ತು ವರ್ಷದ ಸುಮಾರಿಗೆ. ಆ ವಯಸ್ಸು ಬಂದ ಮೇಲೆ ನಾಯಿ ಏನನ್ನಾದರೂ ಬಿಟ್ಟಿತೆಂದರೆ ಯಾಕೆ ಬಿಟ್ಟಿತು ಎಂದು ಕೇಳಿಕೊಳ್ಳಬೇಕು.

ಮೊದಲು ನೆಲದ ವಿಚಾರ. ನಮ್ಮದು ಹಳೆಯ ಕೆಂಪು ಗಾರೆಯ ನೆಲ. ಒರೆಸಿ ಒರೆಸಿ ಕನ್ನಡಿಯಂತಾಗಿದೆ. ಪೇಟೆ ಮನೆಗಳ ಟೈಲ್ಸ್ ನೆಲ ಇದಕ್ಕಿಂತ ಜಾರುತ್ತದೆ. ಹಿಂಗಾಲಿನ ಶಕ್ತಿ ಕುಂದಿದ ನಾಯಿ ಇಂಥ ನೆಲದಲ್ಲಿ ಏಳಲು ಹೋದರೆ ಕಾಲು ಎರಡೂ ಕಡೆ ಜಾರುತ್ತದೆ, ಒಮ್ಮೆ ಬಿದ್ದ ನಾಯಿ ಮತ್ತೆ ಏಳುವುದಕ್ಕೇ ಹೆದರುತ್ತದೆ. ನಾನು ಗೋಣಿಚೀಲಗಳನ್ನು ಬಿಚ್ಚಿ, ತೊಳೆದು, ಎರಡೆರಡು ಪದರ ಸೇರಿಸಿ ಹೊಲಿದು, ರಾಣಿ ಮಲಗುವ ಚಾವಡಿಯ ಮೂಲೆಯಿಂದ ನೀರಿನ ಬಟ್ಟಲಿಗೂ ಬಾಗಿಲಿಗೂ ದಾರಿಯಂತೆ ಹಾಸಿದ್ದೇನೆ. ಟೈಲ್ಸ್ ಇರುವವರು ಯೋಗದ ಚಾಪೆಯನ್ನು ಕತ್ತರಿಸಿ ಹಾಸಿಕೊಳ್ಳಬಹುದು. ಮೆಟ್ಟಿಲ ಪಕ್ಕದಲ್ಲಿ ಅಡಿಕೆ ದಬ್ಬೆಗಳನ್ನು ಹಲಗೆಗೆ ಅಡ್ಡಡ್ಡ ಬಡಿದು ಒಂದು ಇಳಿಜಾರು ಮಾಡಿಸಿದ್ದೇವೆ. ಮಳೆಯಲ್ಲಿ ಪಾಚಿ ಕಟ್ಟದಂತೆ ವಾರಕ್ಕೊಮ್ಮೆ ಉಜ್ಜಬೇಕು. ಹಲಗೆಯ ಮೇಲೆ ನಡೆಯಲು ರಾಣಿ ಮೊದಮೊದಲು ಒಪ್ಪಲಿಲ್ಲ, ಕಡುಬಿನ ಚೂರು ತೋರಿಸುತ್ತಾ ಹತ್ತು ದಿನ ಅಭ್ಯಾಸ ಮಾಡಿಸಿದೆ. ಓಡಾಟ ಕಡಿಮೆಯಾದ ನಾಯಿಯ ಉಗುರು ಸವೆಯುವುದಿಲ್ಲವಾದ್ದರಿಂದ ಎರಡು ಮೂರು ವಾರಕ್ಕೊಮ್ಮೆ ತುದಿ ಕತ್ತರಿಸಬೇಕು. ಮುಂಗಾಲಿನ ಒಳಬದಿಯಲ್ಲಿ ಮೇಲಕ್ಕಿರುವ, ಹೆಬ್ಬೆರಳಿನಂಥ ಉಗುರನ್ನು ಮರೆತರೆ ಅದು ಸುತ್ತಿಕೊಂಡು ಚರ್ಮದೊಳಕ್ಕೇ ಇಳಿಯುತ್ತದೆ.

ಮಲೆನಾಡಿನ ಮಳೆಗಾಲ ಮುದಿ ಕೀಲುಗಳಿಗೆ ಕಷ್ಟದ ಕಾಲ. ನಮ್ಮ ನಾಯಿಗಳೆಲ್ಲ ಹಿಂದಿನಿಂದಲೂ ಬಚ್ಚಲೊಲೆಯ ಬೂದಿಯ ಪಕ್ಕ ಜಾಗ ಹಿಡಿದವೇ. ಅಲ್ಲಿ ಮಲಗಲು ಬಿಡಿ. ಆದರೆ ವಯಸ್ಸಾದ ನಾಯಿಗೆ ಬಿಸಿ ತಟ್ಟಿದ್ದು ತಿಳಿದರೂ ತಕ್ಷಣ ಏಳಲಾಗುವುದಿಲ್ಲವಾದ್ದರಿಂದ ಒಲೆಗೂ ಹಾಸಿಗೆಗೂ ನಡುವೆ ಒಂದು ಹಲಗೆ ಅಡ್ಡವಿಡಿ. ಹಾಸಿಗೆ ದಪ್ಪವಾಗಿರಲಿ, ಕೆಳಗೆ ಮಣೆಯೋ ಹಲಗೆಯೋ ಇರಲಿ. ಬರಿ ನೆಲದಲ್ಲಿ ಮಲಗಿ ಮೊಣಕೈ ಜಾಗದ ಚರ್ಮ ಜಡ್ಡುಗಟ್ಟಿ ಒಡೆದರೆ ಆ ಹುಣ್ಣು ಬೇಗ ಮಾಯುವುದಿಲ್ಲ.

ಇನ್ನು ಔಷಧದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ರಾಣಿಗಿಂತ ಹಿಂದೆ ಇದ್ದ ಕರಿಯ ಕುಂಟುತ್ತಿದ್ದಾಗ, ನಮ್ಮವರ ಮಂಡಿನೋವಿಗೆ ತಂದಿದ್ದ ಗುಳಿಗೆಯಲ್ಲಿ ಅರ್ಧ ಮುರಿದು ಬೆಲ್ಲದಲ್ಲಿಟ್ಟು ಎರಡು ದಿನ ಕೊಟ್ಟೆ. ಮೂರನೆಯ ದಿನ ಅವನು ಊಟ ಬಿಟ್ಟ, ವಾಂತಿ ಮಾಡಿದ, ಮಲ ಟಾರಿನಂತೆ ಕಪ್ಪಾಗಿ ಬಂತು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಪಶುವೈದ್ಯರ ಕೈಯಲ್ಲಿ ಅವನು ಉಳಿದುಕೊಂಡ. ಮನುಷ್ಯರಿಗೆ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳು ನಾಯಿಯ ಹೊಟ್ಟೆ ಮತ್ತು ಕಿಡ್ನಿಯನ್ನು ಹಾಳುಮಾಡುತ್ತವೆ. ಜ್ವರಕ್ಕೆಂದು ಪ್ಯಾರಸಿಟಮಾಲನ್ನು ಕೂಡ ನಮ್ಮಷ್ಟಕ್ಕೆ ನಾವೇ ಕೊಡಬಾರದು. ನಾಯಿಗಳಿಗೆಂದೇ ನೋವಿನ ಔಷಧಗಳಿವೆ. ಅವುಗಳನ್ನು ತೂಕ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಬರೆದುಕೊಟ್ಟಷ್ಟೇ ಕೊಡಬೇಕು. ರಾಣಿ ಈಗ ಅಂಥ ಔಷಧದ ಮೇಲೆಯೇ ಸಂಜೆ ತೋಟದ ಕೆರೆಯವರೆಗೆ ನಡೆದು ಬರುತ್ತಾಳೆ.

ತಿಂಗಳಿಗೊಮ್ಮೆ ತೂಕ ನೋಡುವುದು ನಮ್ಮ ಮನೆಯ ರೂಢಿ. ಮಗ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತಾನೆ, ಆಮೇಲೆ ಅವನ ತೂಕವನ್ನು ಕಳೆಯುತ್ತೇವೆ. 18 ಕಿಲೋದ ನಾಯಿ 2 ಕಿಲೋ ಇಳಿಯಿತೆಂದರೆ 60 ಕಿಲೋದ ಮನುಷ್ಯ ಆರೂವರೆ ಕಿಲೋಗಿಂತ ಹೆಚ್ಚು ಇಳಿದಂತೆ. ರೋಮದ ಮರೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ನೀರನ್ನೂ ಅಳೆಯಬೇಕು. ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಲೀಟರ್‌ಗಿಂತ ಹೆಚ್ಚು, ಅಂದರೆ 18 ಕಿಲೋದ ನಾಯಿ ಸುಮಾರು 2 ಲೀಟರ್ ನೀರು ಕುಡಿಯುತ್ತಿದ್ದರೆ ಕಿಡ್ನಿಯ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಸಂತಾನಹರಣ ಚಿಕಿತ್ಸೆ ಮಾಡಿಸದ ಹೆಣ್ಣುನಾಯಿ, ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಊಟ ಬಿಟ್ಟು ಮಂಕಾಗಿ ನೀರನ್ನಷ್ಟೇ ಹೆಚ್ಚು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆ ಇದೆ. ಅಂಥ ಹೊತ್ತಿನಲ್ಲಿ ನಾಳೆ ನೋಡೋಣ ಎನ್ನಬಾರದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ನಿದ್ದೆಯಲ್ಲಿರುವಾಗ ಪಕ್ಕೆಯ ಏರಿಳಿತವನ್ನು ಗಡಿಯಾರ ಹಿಡಿದು ಎಣಿಸಿ. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಮತ್ತೆ ಮತ್ತೆ ಕಂಡರೆ, ಅದರಲ್ಲೂ ರಾತ್ರಿ ಕೆಮ್ಮು ಇದ್ದರೆ, ಹೃದಯದ ಪರೀಕ್ಷೆ ಮಾಡಿಸಬೇಕು.

ಊಟವನ್ನು ಒಂದೇ ಸಲ ಹಾಕುವ ಬದಲು ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಹಾಕುವುದು ಒಳ್ಳೆಯದು. ಮೂಗು ಮಂಕಾದ ನಾಯಿಗೆ ಉಗುರುಬೆಚ್ಚಗಿನ ಅನ್ನ ಹಿಡಿಸುತ್ತದೆ, ಬಿಸಿಗೆ ವಾಸನೆ ಏಳುತ್ತದೆ. ವಯಸ್ಸಾಯಿತೆಂದು ಬರಿ ಗಂಜಿ ಕುಡಿಸಿ ಮಲಗಿಸುವವರನ್ನು ನೋಡಿದ್ದೇನೆ. ಕಿಡ್ನಿ ಸರಿಯಿದ್ದರೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಯಂಥ ಗಟ್ಟಿ ಆಹಾರ ಬೇಕೇಬೇಕು, ಇಲ್ಲವಾದರೆ ತೊಡೆಯ ಮಾಂಸ ಕರಗಿ ಕಾಲಿನ ಶಕ್ತಿ ಇನ್ನೂ ಕುಂದುತ್ತದೆ. ಬೇಯಿಸಿದ ಮೂಳೆ ಸಿಬಿರಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ, ದ್ರಾಕ್ಷಿ ಕಿಡ್ನಿಗೆ ವಿಷ. ಆದ್ದರಿಂದ ಉಳಿದ ಸಾಂಬಾರನ್ನೂ ಒಣದ್ರಾಕ್ಷಿ ಹಾಕಿದ ಪಾಯಸವನ್ನೂ ನಾಯಿಯ ಬಟ್ಟಲಿಗೆ ಸುರಿಯಬೇಡಿ.

ವಾರಕ್ಕೊಮ್ಮೆ ಬಾಚುವಾಗ ಮೈಯೆಲ್ಲ ಕೈಯಾಡಿಸುವುದು ನನಗೆ ಇಷ್ಟದ ಕೆಲಸ, ರಾಣಿಗೂ ಇಷ್ಟ. ಬಿಸಿಲು ಬಿದ್ದ ಜಗಲಿಯಲ್ಲಿ ಅವಳು ಕಣ್ಣು ಮುಚ್ಚಿ ಗಲ್ಲವನ್ನು ನನ್ನ ಮೊಣಕಾಲ ಮೇಲೆ ಇಟ್ಟು ನಿಟ್ಟುಸಿರು ಬಿಡುವ ಆ ಅರ್ಧ ಗಂಟೆ, ಮರಿಯಾಗಿದ್ದಾಗ ನನ್ನ ಸೀರೆ ಸೆರಗು ಹರಿದು ಓಡುತ್ತಿದ್ದ ನಾಯಿಯಿಂದ ನನಗೆಂದೂ ಸಿಕ್ಕಿರಲಿಲ್ಲ. ಆಗಲೇ ಗಂಟುಗಳು ಕೈಗೆ ಸಿಗುತ್ತವೆ. ಚರ್ಮದಡಿಯ ಮೆತ್ತನೆಯ ಗಂಟು ಎಷ್ಟೋ ಸಲ ಬರಿ ಕೊಬ್ಬಿನದು, ಆದರೆ ಮುಟ್ಟಿ ಮಾತ್ರ ಅದನ್ನು ತೀರ್ಮಾನಿಸಲಾಗದು. ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷೆ ಮಾಡಿಸಬೇಕು. ಉಣುಗುಗಳನ್ನು ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಹುಡುಕಿ. ಮೈ ಕೆರೆದುಕೊಳ್ಳಲಾಗದ ಮುದಿ ನಾಯಿಯ ಮೇಲೆ ಅವು ಬೇಗ ಹೆಚ್ಚುತ್ತವೆ, ಉಣುಗು ಜ್ವರ ಬಂದರೆ ಒಸಡು ಬಿಳಿಚಿಕೊಳ್ಳುತ್ತದೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ, ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆಯನ್ನು ಬಲ್ಲ ನಮ್ಮ ಕಡೆಯವರು, ಕಾಡಿಗೆ ಹೋಗಿಬಂದ ನಾಯಿಯನ್ನು ಉಣುಗು ನೋಡದೆ ಒಳಗೆ ಬಿಟ್ಟುಕೊಳ್ಳಬಾರದು.

ಕಣ್ಣಿನಲ್ಲಿ ತಿಳಿ ನೀಲಿ ಮಬ್ಬು ಕಂಡರೆ ಗಾಬರಿಯಾಗಬೇಕಿಲ್ಲ, ಅದು ಹೆಚ್ಚಾಗಿ ವಯಸ್ಸಿನ ಮಬ್ಬು, ದೃಷ್ಟಿ ಉಳಿದಿರುತ್ತದೆ. ಹಾಲಿನಂತೆ ಬೆಳ್ಳಗಾದರೆ ಅದು ಪೊರೆ. ದೃಷ್ಟಿ ಕುಂದಿದ ನಾಯಿ ಇರುವ ಮನೆಯಲ್ಲಿ ಸಾಮಾನುಗಳನ್ನು ಮನಸ್ಸಿಗೆ ಬಂದಂತೆ ಸ್ಥಳ ಬದಲಿಸಬೇಡಿ. ಕಿವಿ ಕೇಳದ ನಾಯಿಯನ್ನು ಮಲಗಿದ್ದಾಗ ಹಿಂದಿನಿಂದ ಮುಟ್ಟಿದರೆ ಬೆದರಿ ಕಚ್ಚೀತು. ನೆಲವನ್ನು ಪಾದದಿಂದ ತಟ್ಟಿ, ಇಲ್ಲವೇ ಮೂಗಿನ ಮುಂದೆ ಕೈ ಹಿಡಿದು ಎಬ್ಬಿಸಲು ಮನೆಯ ಮಕ್ಕಳಿಗೆ ಕಲಿಸಿ.

ಎಲ್ಲಕ್ಕಿಂತ ಹೆಚ್ಚು ಮನಸ್ಸು ಕಲಕುವುದು ನಾಯಿಯ ಮರೆವು. ಕರಿಯ ಕೊನೆಯ ವರ್ಷ ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಅಲೆಯುತ್ತಿದ್ದ, ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದ, ಎಂದೂ ಮನೆಯೊಳಗೆ ಗಲೀಜು ಮಾಡದವನು ಚಾವಡಿಯಲ್ಲೇ ಮೂತ್ರ ಮಾಡುತ್ತಿದ್ದ. ಇಂಥದ್ದಕ್ಕೆ ಗದರಬಾರದು, ಅದು ನಾಯಿಯ ಕೈಯಲ್ಲಿಲ್ಲ. ಮಲಗುವ ಮುನ್ನ ಒಮ್ಮೆ ಹೊರಗೆ ಕರೆದೊಯ್ಯಿರಿ, ರಾತ್ರಿ ಸಣ್ಣ ದೀಪವೊಂದು ಉರಿಯಲಿ, ಊಟದ ಹೊತ್ತು ತಪ್ಪದಿರಲಿ. ನೋವಿದ್ದರೂ ನಾಯಿ ರಾತ್ರಿ ಹೀಗೆಯೇ ಅಲೆಯುವುದರಿಂದ ವೈದ್ಯರಿಗೆ ತೋರಿಸದೆ ಮರೆವೆಂದು ನಿರ್ಧರಿಸಬೇಡಿ.

ಕೊನೆಯ ನಿರ್ಧಾರ ನಮ್ಮ ಮೇಲೆ ಬಿದ್ದಾಗ ಅಡುಗೆಮನೆಯ ಕ್ಯಾಲೆಂಡರ್ ನನಗೆ ಆಸರೆಯಾಯಿತು. ಕರಿಯ ತಾನಾಗಿ ಎದ್ದನೇ, ತಾನಾಗಿ ಉಂಡನೇ, ನಮ್ಮನ್ನು ಕಂಡು ಬಾಲ ಆಡಿಸಿದನೇ ಎಂದು ನೋಡಿ ದಿನವೂ ಒಂದು ಗುರುತು ಹಾಕುತ್ತಿದ್ದೆ. ಕೆಟ್ಟ ದಿನಗಳು ಒಳ್ಳೆಯ ದಿನಗಳನ್ನು ಮೀರಿದ ವಾರ ಪಶುವೈದ್ಯರನ್ನು ಮನೆಗೇ ಕರೆಸಿದೆವು; ಚುಚ್ಚುಮದ್ದು ಕೊಡುವಾಗ ಅವನ ತಲೆ ನನ್ನ ಮಡಿಲಲ್ಲಿತ್ತು. ಬಾವಿಯಿಂದ ದೂರದಲ್ಲಿ, ಆಳವಾಗಿ ಗುಂಡಿ ತೆಗೆಸಿ ಮಣ್ಣು ಮಾಡಿದೆವು. ಆಗ ನಾಲ್ಕು ವರ್ಷದವಳಾಗಿದ್ದ ರಾಣಿ ಮೂರು ದಿನ ಅವನನ್ನು ಬಚ್ಚಲುಮನೆ, ಕೊಟ್ಟಿಗೆ, ತೋಟ ಎಂದು ಹುಡುಕುತ್ತಾ ತಿರುಗಿದಳು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಹೋದವನ ಹಾಸಿಗೆಯನ್ನು ಕೂಡಲೇ ಎತ್ತಿ ಒಗೆಯಬೇಡಿ. ಕರಿಯನ ಕಂಬಳಿಯನ್ನು ನಾನು ಅಲ್ಲೇ ಬಿಟ್ಟಿದ್ದೆ. ನಾಲ್ಕನೆಯ ರಾತ್ರಿ ರಾಣಿ ಅದನ್ನು ಮೂಸಿ, ಅದರ ಮೇಲೆ ಸುತ್ತು ಹಾಕಿ ಮಲಗಿದಳು, ಮರುದಿನ ಬೆಳಿಗ್ಗೆ ಊಟದ ಬಟ್ಟಲಿನ ಬಳಿ ಬಂದಳು.