ಹಡಗಿನ ಬಾಡಿಗೆಗೆ ಕಟ್ಟಿದ ತೆರಿಗೆ ವಾಪಸ್ ಬಂದದ್ದು ಹೀಗೆ

ಮಂಗಳೂರು ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಲೆಕ್ಕ ನೋಡಿಕೊಳ್ಳುವವ ನಾನು. ನಮ್ಮ ಕಚ್ಚಾ ಬೀಜ ಬರುವುದು ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾದಿಂದ. ಹೆಚ್ಚಿನದು ಸಿಐಎಫ್ ದರಕ್ಕೆ. ಅಂದರೆ ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿಸಿಯೇ ಮಾರುವವನು ಬೆಲೆ ಹಾಕುತ್ತಾನೆ. ಬಂದರಿನಲ್ಲಿ ಆ ಪೂರ್ತಿ ಬೆಲೆಯ ಮೇಲೆ ಐಜಿಎಸ್‌ಟಿ (ಆಮದಿಗೆ, ಹೊರರಾಜ್ಯದ ವ್ಯವಹಾರಕ್ಕೆ ಬೀಳುವ ಜಿಎಸ್‌ಟಿ) ಕಟ್ಟಿಯೇ ಮಾಲು ಬಿಡಿಸಿಕೊಳ್ಳುವುದು. ಅಷ್ಟಾದ ಮೇಲೂ ಅದೇ ಬಾಡಿಗೆಗೆ ಇನ್ನೊಮ್ಮೆ ರಿವರ್ಸ್ ಚಾರ್ಜಿನಲ್ಲಿ (ಸೇವೆ ಕೊಟ್ಟವನ ಬದಲು ನಾವೇ ತೆರಿಗೆ ಕಟ್ಟುವ ಪದ್ಧತಿ) ಶೇ. 5 ಕಟ್ಟಿ ಎಂದು 2017ರ ಅಧಿಸೂಚನೆ ಹೇಳಿತ್ತು. ಬಾಡಿಗೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಸಿಐಎಫ್ ಬೆಲೆಯ ಶೇ. 10 ಎಂದು ಹಿಡಿಯಬೇಕಿತ್ತು. ಒಂದು ಕೋಟಿಯ ಮಾಲಿಗೆ 50,000 ರೂಪಾಯಿ, ಅದೂ ನಗದಾಗಿ.

ಮೋಹಿತ್ ಮಿನರಲ್ಸ್ ಎಂಬ ಕಲ್ಲಿದ್ದಲು ಆಮದುದಾರರ ಕೇಸಿನಲ್ಲಿ ಗುಜರಾತ್ ಹೈಕೋರ್ಟ್ 2020ರ ಜನವರಿಯಲ್ಲಿ ಇದನ್ನು ರದ್ದು ಮಾಡಿತು. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಕೂಡ ಸಿಐಎಫ್ ಆಮದಿಗೆ ಈ ಎರಡನೇ ತೆರಿಗೆ ಸಲ್ಲದು ಎಂದಿತು. ಮರುದಿನ ಪೇಪರ್ ಹಿಡಿದುಕೊಂಡೇ ಬಂದ ನಮ್ಮ ಧಣಿಗಳು ಕೇಳಿದರು, "ಮಾರಾಯಾ, ಈ ದುಡ್ಡು ವಾಪಸ್ ಬರ್ತದಾ?"

"ಬರ್ತದೆ ಧಣಿಗಳೇ" ಎಂದೆ. ಸ್ವಲ್ಪ ಅವಸರ ಮಾಡಿದೆ ಅಂತ ಆಮೇಲೆ ಗೊತ್ತಾಯಿತು.

ಕಡತ ತೆಗೆದರೆ ಒಟ್ಟು 18 ಕನ್ಸೈನ್‌ಮೆಂಟ್. ಮೂರು ಎಫ್‌ಒಬಿಯವು, ಬಾಡಿಗೆ ನಾವೇ ಕೊಟ್ಟದ್ದು. ತೀರ್ಪು ಬಂದದ್ದು ಸಿಐಎಫ್‌ಗೆ, ಹಾಗಾಗಿ ಆ ಮೂರನ್ನು ಬದಿಗಿಟ್ಟೆ. ಆಮೇಲೆ ಗಡುವಿನ ಪ್ರಶ್ನೆ. ಜಿಎಸ್‌ಟಿ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಅದೃಷ್ಟಕ್ಕೆ 2022ರ ಜುಲೈ 5ರ ಅಧಿಸೂಚನೆ ಬಂತು. 2020ರ ಮಾರ್ಚ್ 1ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ. ಜುಲೈ ಕೊನೆಯಲ್ಲಿ ಅರ್ಜಿ ಹಾಕಿದರೆ 2018ರ ಆಗಸ್ಟ್‌ವರೆಗೆ ಹಿಂದೆ ಹೋಗಬಹುದು. ಅದಕ್ಕೂ ಹಿಂದಿನದು ಒಂದಿತ್ತು. ಕಾನೂನಿನ ಬಲವಿಲ್ಲದೆ ವಸೂಲಿ ಮಾಡಿದ ತೆರಿಗೆಗೆ ಗಡುವಿಲ್ಲ ಎಂದು ಸಂವಿಧಾನದ 265ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಗಿ ಗೆದ್ದವರಿದ್ದಾರೆ. ಒಂದು ಹಡಗಿನ ಮಾಲಿಗೆ ಕೋರ್ಟ್ ಮೆಟ್ಟಿಲು ಯಾಕೆ ಅಂತ ಬಿಟ್ಟೆವು.

ಉಳಿದದ್ದು 14. ನಿಜವಾದ ತಲೆನೋವು ಇಲ್ಲಿಂದ ಶುರು. ಕಟ್ಟಿದ ತೆರಿಗೆಗೆ ನಾವು ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ತೆಗೆದುಕೊಂಡಿದ್ದೆವಲ್ಲ, ಅದರ ಕಥೆ ಏನು? ನಮ್ಮ ಆಡಿಟರ್ ಮೊದಲ ದಿನವೇ ಕೇಳಿದ್ದು ಇದನ್ನೇ. ಕ್ರೆಡಿಟ್ ತೆಗೆದುಕೊಂಡು ಮಾರಾಟದ ತೆರಿಗೆಗೆ ಬಳಸಿ ಮುಗಿಸಿದವರಿಗೆ ಈ ತೀರ್ಪಿನಿಂದ ಹೊಸದಾಗಿ ಸಿಗುವುದು ಏನೂ ಇಲ್ಲ. ರೀಫಂಡ್ ಬೇಕಾದರೆ ಆ ಕ್ರೆಡಿಟ್ ಮೊದಲು ವಾಪಸ್ ಕೊಡಬೇಕು. ನಾಲ್ಕು ಕನ್ಸೈನ್‌ಮೆಂಟಿನ ಕ್ರೆಡಿಟನ್ನು ನಾವು ರಫ್ತಿನ ರೀಫಂಡ್ ಆಗಿ ಆಗಲೇ ಬ್ಯಾಂಕಿಗೆ ಇಳಿಸಿಕೊಂಡಿದ್ದೆವು. ಅದನ್ನು ಮತ್ತೆ ಕೇಳಿದರೆ ಒಂದೇ ದುಡ್ಡು ಎರಡು ಸಲ ಕೇಳಿದ ಹಾಗೆ, ಅಲ್ವಾ? ಕೈಬಿಟ್ಟೆ. ಎಂಟರ ಕ್ರೆಡಿಟ್‌ಗೆ ಸಾಕಾಗುವಷ್ಟು ಬ್ಯಾಲೆನ್ಸ್ ಲೆಡ್ಜರಿನಲ್ಲಿತ್ತು. ಡಿಆರ್‌ಸಿ-03 ಎಂಬ ಫಾರಂ ಹಾಕಿ ಆ ಕ್ರೆಡಿಟ್ ವಾಪಸ್ ಕೊಟ್ಟೆ. ಇನ್ನೆರಡಕ್ಕೆ, 2018ರವು, ಕ್ರೆಡಿಟ್ಟೇ ತೆಗೆದಿರಲಿಲ್ಲ. ಅವೇ ಸುಲಭ ಅಂದುಕೊಂಡಿದ್ದೆ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ರೀಫಂಡಿನ ಅರ್ಜಿ ಆರ್‌ಎಫ್‌ಡಿ-01, 'ಇತರೆ' ಎಂಬ ವಿಭಾಗ. ಚಲನ್, 3ಬಿ ಎಂಬ ತಿಂಗಳ ರಿಟರ್ನ್, ಬಿಲ್ ಆಫ್ ಎಂಟ್ರಿ (ಕಸ್ಟಮ್ಸಿಗೆ ಕೊಡುವ ಆಮದು ದಾಖಲೆ) ಎಲ್ಲ ಸೇರಿಸಿದೆ. ಹದಿನೈದು ದಿನದೊಳಗೆ ಆರ್‌ಎಫ್‌ಡಿ-03 ಎಂಬ ಮೆಮೊ ಬಂತು, ಅರ್ಜಿ ಅಪೂರ್ಣ ಅಂತ. ಸಿಟ್ಟು ಬಂತು. ಆದರೆ ತಪ್ಪು ನನ್ನದೇ. 3ಬಿಯ 3.1(ಡಿ) ಸಾಲಿನಲ್ಲಿ ರಿವರ್ಸ್ ಚಾರ್ಜಿನದು ಎಲ್ಲವೂ ಒಟ್ಟಿಗೇ ಇರುತ್ತದೆ. ಕೇರಳದ ಲಾರಿ ಬಾಡಿಗೆಯ ಐಜಿಎಸ್‌ಟಿಯೂ ಅದರೊಳಗೇ. ಹಡಗಿನ ಬಾಡಿಗೆಯದು ಎಷ್ಟು ಅಂತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಒಂದು ಇಡೀ ಭಾನುವಾರ ಕೂತು ಕನ್ಸೈನ್‌ಮೆಂಟಿಗೊಂದು ಸಾಲಿನಂತೆ ಪಟ್ಟಿ ಮಾಡಿದೆ. ಬಿಲ್ ಆಫ್ ಎಂಟ್ರಿ ನಂಬರ್, ಸಿಐಎಫ್ ಬೆಲೆ, ಅದರ ಶೇ. 10, ತೆರಿಗೆ, ಯಾವ ತಿಂಗಳ 3ಬಿ, ಕ್ರೆಡಿಟ್ ಏನಾಯಿತು. ಈ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ಮೆಮೊ ಬಂದರೆ ಹೊಸ ಅರ್ಜಿಯನ್ನೇ ಹಾಕಬೇಕು, ಅರ್ಜಿ ಇತ್ಯರ್ಥಕ್ಕಿರುವ 60 ದಿನದ ಲೆಕ್ಕವೂ ಮತ್ತೆ ಮೊದಲಿಂದ. ಮೊದಲ ಅರ್ಜಿಯಿಂದ ಮೆಮೊ ಬರುವವರೆಗಿನ ದಿನಗಳನ್ನು ಮಾತ್ರ ಎರಡು ವರ್ಷದ ಗಡುವಿನಿಂದ ಬಿಡುತ್ತಾರೆ. ಇಲ್ಲದಿದ್ದರೆ 2018ರ ಎರಡೂ ಅಲ್ಲೇ ಹೋಗುತ್ತಿದ್ದವು.

ಎರಡನೇ ಅರ್ಜಿಗೆ ಆರ್‌ಎಫ್‌ಡಿ-08, ಅಂದರೆ ಶೋಕಾಸ್ ನೋಟಿಸ್. ತೆರಿಗೆಯ ಹೊರೆ ಗಿರಾಕಿಗೆ ದಾಟಿಸಿಲ್ಲ ಎಂದು ತೋರಿಸಿ ಅಂತ. ಎರಡು ಲಕ್ಷ ದಾಟಿದ ಅರ್ಜಿಗೆ ಆಡಿಟರ್ ಸರ್ಟಿಫಿಕೇಟ್ ಬೇಕು, ಅದು ಇತ್ತು. ಹದಿನೈದು ದಿನದೊಳಗೆ ಉತ್ತರವನ್ನೂ ಕೊಟ್ಟೆವು. ಎಂಟು ಕನ್ಸೈನ್‌ಮೆಂಟಿಗೆ ಒಪ್ಪಿದರು. ಕ್ರೆಡಿಟ್ ಲೆಡ್ಜರಿನಲ್ಲಿತ್ತು, ವೆಚ್ಚಕ್ಕೆ ಸೇರಿರಲಿಲ್ಲ. ಆದರೆ 2018ರ ಎರಡನ್ನು ನಮ್ಮ ಪುಸ್ತಕದಲ್ಲಿ 'ಸಾಗಣೆ ಖರ್ಚು' ಅಂತ ಬರೆದಿದ್ದರು. ನನಗಿಂತ ಮೊದಲಿದ್ದವರು ಬರೆದದ್ದು. ಖರ್ಚಿಗೆ ಹಾಕಿದ ಮೇಲೆ ಅದು ಬೀಜದ ಬೆಲೆಯೊಳಗೆ ಸೇರಿ ಗಿರಾಕಿಯ ಕಿಸೆಯಿಂದಲೇ ಬಂದಿದೆ ಎಂಬುದು ಅಧಿಕಾರಿಯ ವಾದ. ಆರ್‌ಎಫ್‌ಡಿ-06 ಆದೇಶದಲ್ಲಿ ಆ ಎರಡರ ರೀಫಂಡ್ ಮಂಜೂರಾಗಿದೆ, ಆದರೆ ನಮಗಲ್ಲ, ಗ್ರಾಹಕ ಕಲ್ಯಾಣ ನಿಧಿಗೆ! ಸುಲಭ ಅಂದುಕೊಂಡದ್ದೇ ಕೈಗೆ ಬರಲಿಲ್ಲ.

ಬ್ಯಾಂಕಿಗೆ ಬಂದದ್ದು ಸುಮಾರು 4 ಲಕ್ಷ. ಅದರಲ್ಲೂ ಅಷ್ಟೇ ಮೊತ್ತದ ಕ್ರೆಡಿಟ್ ಬಿಟ್ಟುಕೊಟ್ಟಿದ್ದೆವು ಎಂದು ಧಣಿಗಳಿಗೆ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಆ ಎರಡಕ್ಕೆ ಅಪೀಲು ಹಾಕಲು ಮೂರು ತಿಂಗಳ ಸಮಯವಿತ್ತು. "ಬೇಡ, ಬಿಡು" ಎಂದರು ಧಣಿಗಳು. ಆದೇಶವನ್ನು ಫೈಲಿಗೆ ಸೇರಿಸಿದೆ.